ಕೊನೆಯ ಪುಟದ ಹೆಸರು

ಜಯಮಾಲಾ ಟೀಚರ್ ಕಂಪ್ಯೂಟರಿನ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಾಗಲೇ ಮಾಳಿಂಗನಿಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ತನ್ನ ಆನ್‌ಲೈನ್ ಸೆಂಟರಿನಲ್ಲಿ ಕೂತು ಬಸವನಬಾಗೇವಾಡಿಯ ಅರ್ಧ ಊರಿನ ಆಧಾರ್ ಕಾರ್ಡಿನ ತಪ್ಪು ಹುಡುಕಿ ತಿದ್ದುವ ಜಾಣನಿಗೆ ಎದುರು ಕೂತ ಹುಡುಗಿಯ ಮುಖ ಮಾತ್ರ ಓದಲು ಬರುತ್ತಿರಲಿಲ್ಲ.

"ಕೊನೀ ಪುಟ ನಾನ ತುಂಬತೇನಿ. ನೀವು ಆ ಕಡೆ ನೋಡ್ರಿ," ಅಂದಳು.

"ಒಂದಕ್ಷರ ತಪ್ಪಿದ್ರೂ ಅರ್ಜಿ ರಿಜೆಕ್ಟ್ ಆಗತೈತಿ, ಟೀಚರ್."

"ತಪ್ಪು ಬರಿಯಂಗಿಲ್ಲ. ಆ ಕಡೆ ನೋಡ್ರಿ ಅಂದೆ."

ಮಾಳಿಂಗ ಎದುರಿನ ಬಸ್‌ಸ್ಟ್ಯಾಂಡಿನ ಕಡೆ ಮುಖ ಮಾಡಿದ. ಮುಖ ಅಷ್ಟೇ ಆ ಕಡೆ, ಕಿವಿ ಜೀವ ಎಲ್ಲ ಈ ಕಡೆ. ಒಂದೇ ಬೆರಳಿನಿಂದ ಅವಳು ಟಪ್ ಟಪ್ ಎಂದು ಕೀ ಒತ್ತುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ತಿರುಗಿ ನೋಡಿದರೆ, ಪರದೆಯ ಮೇಲಂಚಿನಿಂದ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಕಣ್ಣಿನ ಕೆಳಗೆ ಏನಿತ್ತೋ ಕಾಣಲಿಲ್ಲ, ಆದರೆ ನಗುತ್ತಿದ್ದಳು ಎಂಬುದರಲ್ಲಿ ಅನುಮಾನವಿಲ್ಲ.

"ನಿಮ್ಮ ಪೂರಾ ಹೆಸರು ಹೇಳ್ರಿ."

"ಯಾಕ್ರಿ?"

"ಕೇಸ್ ಹಾಕಾಕ."

"ಮಾಳಿಂಗ ಕಾಳಪ್ಪ ಪೂಜಾರಿ."

"ಹುಟ್ಟಿದ ತಾರೀಖು?"

ಹೇಳಿದ. ಅವಳು ಬೆರಳು ಮಡಚಿ ಎಣಿಸಿ, "ಅಯ್ಯ, ನನಗಿಂತ ಬರೇ ನಾಕ ತಿಂಗಳಾ ದೊಡ್ಡಾವ್ರು! ಮಾತಾಡೂದು ನೋಡಿದ್ರ ನಮ್ಮ ಕಾಕಾನ ವಾರಿಗಿ ಅನಸತೈತಿ," ಅಂದಳು.

"ಗುರುತಿನವ್ರ ಹೆಸರು ಕೇಳ್ಯಾರೇನ್ರಿ?"

"ಹಂಗ ತಿಳ್ಕೋರಿ."

ಅವನು ಹಾಗೇ ತಿಳಿದುಕೊಂಡ. ಅಲ್ಲಿಗೇ ಎಲ್ಲ ಕೆಟ್ಟಿತು.

ಅರ್ಜಿ ಬಹಳ ದೂರದ್ದು. ಕೊಲ್ಲಿಯ ದೇಶವೊಂದರ ವಾಯುಪಡೆಯ ಬೇಸ್, ಅದರ ಗೋಡೆಯೊಳಗೆ ಸೈನಿಕರ ಮಕ್ಕಳಿಗಾಗಿ ಒಂದು ಇಂಗ್ಲಿಷ್ ಶಾಲೆ. ಅಲ್ಲಿಗೆ ಟೀಚರುಗಳನ್ನು ಆರಿಸುವುದು ಮುಂಬಯಿಯ ಒಂದು ಏಜೆನ್ಸಿ. ಜಯಮಾಲಾ ಇಂಡಿ ಊರಿನ ಹುಡುಗಿ. ಬಾಗೇವಾಡಿಯಲ್ಲಿ ಕಾಕಾ ಸಿದ್ದಾರೂಢನ ಮನೆಯಲ್ಲಿದ್ದುಕೊಂಡು, ಸೈನಿಕ ಶಾಲೆಯ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುವ ಕೋಚಿಂಗ್ ಕ್ಲಾಸಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. "ಇಲ್ಲಿ ಸೈನಿಕರಾಗೂ ಮಕ್ಕಳಿಗೆ ಕಲಿಸಿ ಸಾಕಾತು, ಅಲ್ಲಿ ಸೈನಿಕರ ಮಕ್ಕಳಿಗೆ ಕಲಿಸ್ತೀರಿ. ಒಟ್ಟ ಮಿಲಿಟರಿ ಬಿಡಂಗಿಲ್ಲ," ಎಂದು ಮಾಳಿಂಗ ಕಾಡುತ್ತಿದ್ದ.

ಎರಡು ಇಂಟರ್‌ವ್ಯೂ ಆದದ್ದು ಅವನ ಆನ್‌ಲೈನ್ ಸೆಂಟರಿನಲ್ಲೇ. ಡೆಮೊ ಪಾಠದ ದಿನ ಶಟರ್ ಅರ್ಧ ಎಳೆದು, ಕ್ಯಾಮೆರಾದ ಹಿಂದೆ ಅವನೇ ವಿದ್ಯಾರ್ಥಿಯಾಗಿ ಕೈಕಟ್ಟಿ ನಿಂತಿದ್ದ. ಅವಳು ನೆಗಡಿಯಲ್ಲೂ ಅಷ್ಟು ಚೆಂದ ಪಾಠ ಮಾಡಿದಳು. ಮುಗಿದ ಮೇಲೆ, "ತಿಳೀತೇನ್ರಿ?" ಎಂದು ಅವನನ್ನೇ ಕೇಳಿದಳು. ಒಂದಕ್ಷರ ತಿಳಿದಿರಲಿಲ್ಲ. ಅರ್ಧ ತಾಸು ಅವನು ನೋಡಿದ್ದು ಅವಳ ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ನನ್ನು ಮಾತ್ರ.

ಆ ಕೆಲಸ ಸಿಗಲೇಬೇಕಿತ್ತು. ದಸರೆಯೊಳಗೆ ಸಿಗದಿದ್ದರೆ ಸಿಂದಗಿಯ ಅನೀಲಕುಮಾರನ ಜೊತೆ ಲಗ್ನ ಎಂದು ಕಾಕಾ ಖಡಾಖಂಡಿತ ಹೇಳಿಬಿಟ್ಟಿದ್ದ. ಅನೀಲಕುಮಾರ ಡ್ರಿಪ್ ಪೈಪಿನ ಅಂಗಡಿಯವನು, ಕೆಟ್ಟವನೇನಲ್ಲ. ಅವಳು ಬೇಡ ಅಂದಿದ್ದಳು, ಅಷ್ಟೇ. ಕೆಲಸ ಸಿಕ್ಕರೆ ಎರಡು ವರ್ಷ ಯಾರೂ ಲಗ್ನದ ಮಾತೆತ್ತುವುದಿಲ್ಲ. ಅಷ್ಟರೊಳಗೆ ಹೇಗಾದರೂ ಮಾಡಿ ಬಾಯಿ ಬಿಡಬೇಕೆಂದು ಮಾಳಿಂಗ ಲೆಕ್ಕ ಹಾಕಿದ್ದ. ಹಿಂದಿನ ಎರಡು ವರ್ಷವೂ ಇದೇ ಲೆಕ್ಕ ಹಾಕಿದ್ದ ಎಂಬುದು ಬೇರೆ ಮಾತು. ಪೂಜಾರಿ ಕಾಳಪ್ಪನ ಮಗ ತನಗಿಂತ ಮೇಲಿನ ಜಾತಿಯ ಬಿರಾದಾರರ ಮನೆಯ ಹುಡುಗಿಯನ್ನು ಕೇಳುವುದೆಂದರೆ ಸಣ್ಣ ಮಾತಲ್ಲ ನೋಡಿ.

ಆ ದಿನ ಕೊನೆಯ ಪುಟ ತುಂಬಿ, ಸಬ್‌ಮಿಟ್ ಒತ್ತಿ ಎದ್ದವಳು ಬಾಗಿಲಲ್ಲಿ ತಿರುಗಿದಳು.

"ಅವ್ರು ಫೋನ್ ಮಾಡಿ ನನ್ನ ಬಗ್ಗೆ ಕೇಳತಾರ. ಇದ್ದದ್ದು ಇದ್ದಂಗ ಹೇಳ್ರಿ. ಹೆದರಬ್ಯಾಡ್ರಿ."

"ನಾ ಯಾಕ್ರಿ ಹೆದರಲಿ?"

"ಅದನ್ನ ನೋಡೂಣು ಅಂತ," ಎಂದು ಸೀರೆಯ ಪದರು ಸರಿ ಮಾಡಿಕೊಂಡು ಹೋದಳು. ಆ ದಿನವೆಲ್ಲ ಮಾಳಿಂಗ ಸುಮ್ಮಸುಮ್ಮನೆ ನಗುತ್ತ ಕೆಲಸ ಮಾಡಿದ.

ಹನ್ನೆರಡು ದಿನ ಬಿಟ್ಟು ಫೋನ್ ಬಂತು. ಮಧ್ಯಾಹ್ನದ ಹೊತ್ತು, ಸೆಂಟರಿನಲ್ಲಿ ಕಾಲಿಡಲು ಜಾಗವಿಲ್ಲ. ಪಿಂಚಣಿಗೆ ಬಂದ ಸಾತವ್ವ ಎಂಬ ಮುದುಕಿಯ ಹೆಬ್ಬೆರಳನ್ನು ಅವನು ಮಷೀನಿನ ಮೇಲೆ ಒತ್ತಿ ಹಿಡಿದಿದ್ದ. ಕೈ ಬಿಡುವಿಲ್ಲವೆಂದು ಫೋನನ್ನು ಸ್ಪೀಕರಿಗೆ ಹಾಕಿದ. ಬೆಳೆ ವಿಮೆಯ ಕಾಗದ ಹಿಡಿದು ಬೆಂಚಿನ ಮೇಲೆ ಕೂತಿದ್ದವನು ಯಾರು ಅಂತೀರಿ? ಕಾಕಾ ಸಿದ್ದಾರೂಢ.

ಹಿಂದಿಯಲ್ಲಿ ಒಂದು ಗಡಸು ಗಂಡಸಿನ ದನಿ. ಬೇಸ್ ಶಾಲೆಯ ಭದ್ರತಾ ಪರಿಶೀಲನೆ, ಈ ಮಾತು ರೆಕಾರ್ಡ್ ಆಗುತ್ತಿದೆ. ಜಯಮಾಲಾ ಬಿರಾದಾರ ನಿಮಗೆ ಗೊತ್ತೇ? ನಿಮಗೂ ಅವರಿಗೂ ಏನು ಸಂಬಂಧ?

ಸೆಂಟರಿನಲ್ಲಿ ಇದ್ದವರೆಲ್ಲ ಫೋನಿನ ಕಡೆ ತಿರುಗಿದರು. ಕಾಕಾ ಕಾಗದದಿಂದ ತಲೆ ಎತ್ತಿದ.

ನಮ್ಮ ಕಡೆ ನಾಲ್ಕು ಮಂದಿಯ ಎದುರು ಒಂದು ಹುಡುಗಿಯ ಹೆಸರು ಹಿಡಿದು ಹೀಗೆ ಕೇಳಿದರೆ ಗಂಡಸರ ಬಾಯಲ್ಲಿ ಒಂದು ಉತ್ತರ ತಯಾರೇ ಇರುತ್ತದೆ. ಯೋಚನೆ ಮಾಡಬೇಕಾಗಿಲ್ಲ, ತಾನೇ ಬರುತ್ತದೆ. ಬಂತು.

"ಮೇರಿ ಬೆಹನ್ ಜೈಸಿ ಹೈ, ಸಾಬ್."

ತಂಗಿ ಇದ್ದಹಾಗೆ.

"ಬೇರೆ ಯಾವ ಸಂಬಂಧವೂ ಇಲ್ಲವೇ? ವಿಚಾರ ಮಾಡಿ ಹೇಳಿ," ಅಂದಿತು ದನಿ.

ಆ ಮನುಷ್ಯ ಎರಡನೇ ಸಲ ಕೇಳಿದ್ದ, ಪುಣ್ಯಾತ್ಮ. ಮಾಳಿಂಗ ಕಾಕಾನ ಮುಖ ನೋಡಿದ, ಬೆವರೊರೆಸಿಕೊಂಡ. "ನಹೀ ಸಾಬ್. ಸಗೀ ಬೆಹನ್ ಜೈಸಿ." ಒಡಹುಟ್ಟಿದ ತಂಗಿಯೇ ಇದ್ದಹಾಗೆ. ಮೇಲೆ ಅವಳ ನಡತೆ ಬಂಗಾರ, ಪಾಠ ಮಾಡಿದರೆ ಕಲ್ಲಿಗೂ ಇಂಗ್ಲಿಷ್ ಬರುತ್ತದೆ ಎಂದು ಐದು ನಿಮಿಷ ಹೊಗಳಿದ.

ಫೋನ್ ಇಟ್ಟ ಮೇಲೆ ಕಾಕಾ ಎದ್ದು ಬಂದು ಅವನ ಬೆನ್ನ ಮೇಲೆ ಕೈ ಇಟ್ಟ. "ಅಣ್ಣತಮ್ಮರಿಲ್ಲದ ಕೂಸದು. ಇನ್ನ ಮ್ಯಾಲೆ ನೀನ ಅಕಿಗೆ ಅಣ್ಣ," ಅಂದ. ಕಣ್ಣು ಒದ್ದೆಯಾಗಿದ್ದವು.

ಮಾಳಿಂಗನಿಗೆ ಒಳಗೊಳಗೇ ಸಮಾಧಾನ. ಅವಳ ಹೆಸರು ಉಳಿಸಿದೆ ಅಂದುಕೊಂಡ. ಉಳಿಸಿಕೊಂಡದ್ದು ತನ್ನನ್ನೇ ಎಂದು ಒಪ್ಪಿಕೊಳ್ಳುವಷ್ಟು ಧೈರ್ಯ ಇದ್ದಿದ್ದರೆ ಫೋನಿನಲ್ಲೇ ಬೇರೆ ಉತ್ತರ ಕೊಡುತ್ತಿದ್ದ.

ಮುಂದಿನ ಶನಿವಾರ ಅವಳು ಬಂದಳು. ಕೈಯಲ್ಲಿ ಬಟ್ಟೆಯ ಬ್ಯಾಗ್ ಇತ್ತು, ಇಂಡಿಗೆ ಹೊರಟಿದ್ದಳು. ಅಂಗಡಿಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ನಗಲಿಲ್ಲ, ಕೂರಲಿಲ್ಲ.

"ಒಂದು ಮೇಲ್ ಬಂದೈತಿ. ಪ್ರಿಂಟ್ ತೆಗೀರಿ. ಓದಿ ತೆಗೀರಿ."

ಓದಿದ. ಅಭ್ಯರ್ಥಿಯು ತನ್ನ ಭಾವೀ ಪತಿ ಎಂದು ತೋರಿಸಿದ ವ್ಯಕ್ತಿ ಅಂಥ ಸಂಬಂಧವನ್ನು ಎರಡು ಸಲ ನಿರಾಕರಿಸಿದ್ದಾರೆ. ಭದ್ರತಾ ಪರಿಶೀಲನೆಗೆ ಸುಳ್ಳು ಮಾಹಿತಿ ಕೊಟ್ಟ ಕಾರಣ ಅರ್ಜಿ ತಿರಸ್ಕರಿಸಲಾಗಿದೆ. ಐದು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಕೆಳಗೆ ಆ ಕೊನೆಯ ಪುಟದ ನಕಲು. ಮಾಳಿಂಗ ಕಾಳಪ್ಪ ಪೂಜಾರಿ. ಒಂದಕ್ಷರವೂ ತಪ್ಪಿರಲಿಲ್ಲ.

ಅವನ ಕೈ ಮೌಸಿನ ಮೇಲೇ ಉಳಿಯಿತು.

"ಟೀಚರ್... ನನಗ ಗೊತ್ತಿರಲಿಲ್ರಿ."

"ಆ ಬೇಸ್‌ನ್ಯಾಗ ಲಗ್ನ ಆದವ್ರಿಗೆ ಮನಿ ಕೊಡತಾರಂತ. ಮುಂದ ನೀವೂ ಬರಬಹುದು ಅಂತ ಬರದೆ," ಅಂದಳು. "ಬಾಯಿಲೆ ಹೇಳಾಕ ನನಗ ಆಗಲಿಲ್ಲ. ಅವ್ರು ಕೇಳಿದಾಗ ನೀವರ ಹೇಳತೀರಿ, ಹಂಗರ ನಿಮ್ಮ ಬಾಯಿಂದ ಆ ಮಾತು ಬರತೈತಿ ಅನಕೊಂಡಿದ್ದೆ. ಹುಚ್ಚಿ ನಾ."

"ನಿಮ್ಮ ಕಾಕಾ ಎದುರಿಗೇ ಕುಂತಿದ್ರು."

"ಗೊತ್ತೈತಿ. ಅವತ್ತಿಂದ ಮನ್ಯಾಗ ಅದ ಮಾತು. ಎಂಥಾ ಚಲೋ ಹುಡುಗ, ಎಂಥಾ ಚಲೋ ಹುಡುಗ ಅಂತ."

ಮಾಳಿಂಗ ಎದ್ದು ನಿಂತ. ಎರಡು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಈಗ ಸಲೀಸಾಗಿ ಹೊರಗೆ ಬಂತು. "ನನಗ ನೀವಂದ್ರ ಜೀವರಿ. ಮೊದಲನೇ ದಿನದಿಂದ. ನಮ್ಮ ಮಾವ ಮುದ್ದೇಬಿಹಾಳದಾಗ ನೋಟರಿ ಅದಾನ, ಇವತ್ತ ಹೋಗಿ ಬಾಂಡ್ ಮ್ಯಾಲೆ ಬರಸ್ತೇನಿ, ನಾ ಹೇಳಿದ್ದು ಸುಳ್ಳು ಅಂತ. ಅವ್ರಿಗೆ ಕಳಸೂಣು."

"ಇನ್ನೊಮ್ಮೆ ಕೇಳ್ರಿ ಅಂತ ಮೇಲ್ ಕಳಿಸಿದೆ ನಾನೂ. ಮುಗದ ಮಾತು ಅಂದ್ರು."

"ಹಂಗಾರ ಇಂಡಿಗೆ ಬರ್ತೇನಿ. ನಿಮ್ಮ ಮನ್ಯಾಗ ಕೇಳ್ತೇನಿ."

ಆಗ ಅವಳು ನಕ್ಕಳು. ಆ ನಗು ನೋಡುವುದಕ್ಕಿಂತ ಅವಳು ಒಂದು ಏಟು ಹೊಡೆದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಏನಂತ ಕೇಳತೀರಿ? ತುಂಬಿದ ಅಂಗಡ್ಯಾಗ ತಂಗಿ ಅಂದೀರಿ. ಕಾಕಾ ಅದನ್ನ ಇಂಡಿ ತುಂಬ ಹೇಳ್ಯಾನ. ಈಗ ಲಗ್ನಕ್ಕ ಕೇಳಿದ್ರ ಜನ ಏನಂತಾರ? ಎರಡ ವರ್ಷದಿಂದ ತಂಗಿ ಅನಕೋತ ಏನ ನಡಿಸಿದ್ರು ಅಂತಾರ. ನೀವು ಗಂಡಸರು, ನಾಳೆ ಅಂಗಡಿ ತೆಗೀತೀರಿ. ನಾ ಎಲ್ಲಿಗೆ ಹೋಗಲಿ?"

ಮಾಳಿಂಗ ಪ್ರಿಂಟ್ ಒತ್ತಿದ, ಕಾಗದ ತೆಗೆದು ಅವಳ ಮುಂದಿಟ್ಟ.

"ಸಿಂದಗಿಯವ್ರು ನಾಳೆ ಬರ್ತಾರ, ನಿಶ್ಚಯಕ್ಕ," ಅಂದಳು. "ನಮ್ಮವ್ವ ನಿಮಗ ಲಗ್ನದ ಆಯೇರಿಗೆ ಅಂಗಿ ಬಟ್ಟಿ ತಂದಿಟ್ಟಾಳ. ಲಗ್ನದಾಗ ಅಣ್ಣನ ಜಾಗಾಕ ನೀವು ನಿಂದರಬೇಕಂತ. ಕಾಕಾ ಬಂದು ಕರೀತಾನ."

"ನಾ ಬರಂಗಿಲ್ಲ."

"ಬರ್ರಿ. ಬರಲಿಲ್ಲಂದ್ರ ಅದಕ್ಕೂ ನಾಕ ಮಾತ ಆಡ್ತಾರ."

ಹೇಳುವಾಗ ಅವಳ ದನಿ ಒಡೆಯಿತು. ಮುಖ ಆ ಕಡೆ ತಿರುಗಿಸಿ ಪದರಿನಿಂದ ಕಣ್ಣೊತ್ತಿಕೊಂಡಳು. ಮಾಳಿಂಗ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಜಮೀನಿನ ಪಹಣಿ ಉತಾರ ತೆಗೆಸಲು ಬಂದ ಸೋಮನಿಂಗ ಎಂಬ ರೈತ ಚಪ್ಪಲಿ ಕಳಚಿ ಒಳಗೆ ಬಂದ. ಮುಂದಿಟ್ಟ ಹೆಜ್ಜೆಯನ್ನು ಮಾಳಿಂಗ ಹಿಂದಕ್ಕೆ ತೆಗೆದುಕೊಂಡ.

ಜಯಮಾಲಾ ಅದನ್ನು ನೋಡಿದಳು. ಹೊರಗೆ ಸಿಂದಗಿ, ಇಂಡಿ ಎಂದು ಕಂಡಕ್ಟರ್ ಕೂಗುತ್ತಿದ್ದ. ಅವಳು ಪ್ರಿಂಟನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

"ಬರ್ತೇನಿ, ಅಣ್ಣಾ," ಅಂದಳು. ಸೋಮನಿಂಗನಿಗೆ ಕೇಳುವಷ್ಟು ಸ್ಪಷ್ಟವಾಗಿ ಅಂದಳು.

ರಸ್ತೆ ದಾಟಿ, ಬಸ್ ಹತ್ತಿ, ಆಚೆ ಬದಿಯ ಕಿಟಕಿಯ ಬಳಿ ಕೂತಳು. ಈ ಕಡೆ ನೋಡಲಿಲ್ಲ. ಬಸ್ಸು ಇನ್ನೂ ನಿಂತೇ ಇತ್ತು, ಡ್ರೈವರ್ ಚಹಾ ಕುಡಿಯುತ್ತಿದ್ದ.

"ತಂಗೀನ್ರಿ?" ಎಂದು ಕೇಳಿದ ಸೋಮನಿಂಗ, ಬೆಂಚಿನ ಮೇಲೆ ಕೂರುತ್ತ.

"ಅಲ್ಲ," ಅಂದ ಮಾಳಿಂಗ. "ನಾ ಲಗ್ನ ಆಗಬೇಕಂದಿದ್ದ ಹುಡುಗಿ."

ಸೋಮನಿಂಗ ಅವನನ್ನೂ, ನಿಂತ ಬಸ್ಸನ್ನೂ ಒಮ್ಮೆ ನೋಡಿದ.

"ಮತ್ತ ಇಲ್ಲೇ ನಿಂತೀರಲ್ರಿ?"

ಡ್ರೈವರ್ ಚಹಾದ ಕಪ್ ಬಿಸಾಕಿ ಬಸ್ ಹತ್ತಿದ. ಮಾಳಿಂಗ ಕುರ್ಚಿ ಎಳೆದುಕೊಂಡು ಕೂತ.

"ಸರ್ವೆ ನಂಬರ್ ಹೇಳ್ರಿ," ಅಂದ.