ಎರಡನೆಯ ಸಾಕೆಟ್ಟು

"ಒಂದು ಸ್ಕ್ರೂನೂ ಹೊರಗೆ ಕಾಣಬಾರದು ಕಣ್ರೀ."

ಅವನು ನನಗೆ ಹೇಳಿದ ಮೊದಲ ಮಾತು ಅದು. ನಮಸ್ಕಾರ ಇಲ್ಲ, ಹೆಸರು ಹೇಳಲಿಲ್ಲ. ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹಿಂದಿನ ನನ್ನ ರಿಪೇರಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಮೊಬೈಲಿನಲ್ಲಿ ಒಂದು ಫೋಟೋ ತೋರಿಸುತ್ತಿದ್ದ. ನನ್ನ ಕೈಯಲ್ಲಿ ಯಾರದೋ ಮಿಕ್ಸಿಯ ಮೋಟಾರು ಇತ್ತು.

"ಯಾವ ಸ್ಕ್ರೂ? ನಿಮ್ಮ ತಲೇದಾ?" ಎಂದೆ.

ನನ್ನ ಬಾಯಿ ಹಾಗೆ. ಅಪ್ಪ ತೀರಿಕೊಂಡ ಮೇಲೆ ಗಿರಾಕಿಗಳನ್ನು ಒಬ್ಬಳೇ ಸಂಭಾಳಿಸಿ ಹೀಗಾಗಿದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ, ನಕ್ಕ. ನಗುವಾಗ ಎಡಗಣ್ಣು ಮಾತ್ರ ಸಣ್ಣದಾಗುತ್ತಿತ್ತು. ಹಾಳಾದ್ದು, ಅದನ್ನು ಮೊದಲ ದಿನವೇ ಗಮನಿಸಿಬಿಟ್ಟೆ.

ಫೋಟೋದಲ್ಲಿದ್ದದ್ದು ಆರ್ಕೇಡ್ ಮಿಷಿನ್ನು. ಮೊದಲು ವಿಡಿಯೋ ಗೇಮ್ ಅಂಗಡಿಗಳಲ್ಲಿ ಬೀರುವಿನಷ್ಟು ಎತ್ತರದ ಪೆಟ್ಟಿಗೆಗಳು ಇರುತ್ತಿದ್ದವಲ್ಲ, ಎದುರಿಗೆ ನಿಂತು ಆಡುವಂಥದ್ದು, ಅದೇ. ಇವನು ಪ್ಲೈವುಡ್ ತಂದು ಮನೆಯಲ್ಲೇ ಮಾಡಿಕೊಂಡಿದ್ದ. ಮೇಲೆ ಪರದೆ, ಒಳಗೆ ಸಣ್ಣ ಕಂಪ್ಯೂಟರು, ಕೆಳಗೆ ಇಳಿಜಾರಾದ ಹಲಗೆ. ಹಲಗೆಯ ಮೇಲೆ ಇಬ್ಬರಿಗೆ ಎರಡು ಸ್ಟಿಕ್ಕು, ಸುತ್ತ ಬಣ್ಣದ ಬಟನ್ನುಗಳು.

"ನಿಂತು ಆಡಿ ಆಡಿ ಬೆನ್ನು ಹಿಡ್ಕಂಡದೆ. ಕುರ್ಚೀಲಿ ಕೂತು, ಕೈಯಲ್ಲಿ ಹಿಡಿಯೋ ಕಂಟ್ರೋಲರಲ್ಲಿ ಆಡಬೇಕು. ಅದರ ವೈರು ಚುಚ್ಚೋಕೆ ಸಾಕೆಟ್ ಬೇಕು. ಆದ್ರೆ ಹಲಗೆ ಮುಟ್ಟಬಾರದು, ತೂತು ಕಾಣಬಾರದು, ಹೊರಗಿಂದ ನೋಡಿದವರಿಗೆ ಗೊತ್ತೇ ಆಗಬಾರದು."

"ಎಷ್ಟು ಹಾಕಲಿ?"

"ಎರಡು," ಎಂದು ನನ್ನ ಮುಖ ನೋಡಿದ. ನಾನು ಮಿಕ್ಸಿ ನೋಡಿದೆ.

ಅವನ ಹೆಸರು ಮಲ್ಲಿಕಾರ್ಜುನಸ್ವಾಮಿ. ಯಳಂದೂರಿನಲ್ಲಿ ಗೊಬ್ಬರದ ಅಂಗಡಿ, ಅದರ ಮೇಲೆಯೇ ಮನೆ. ಹೆಂಡತಿ ಶಿವರಂಜನಿ ಜಗಳ ಮಾಡಿಕೊಂಡು ಅಜ್ಜೀಪುರದ ತವರಿಗೆ ಹೋಗಿ ವರ್ಷ ಕಳೆದಿತ್ತು. ಇದನ್ನು ಅವನೇ ಹೇಳಿದ, ನಾನು ಅವನ ಮನೆಗೆ ಹೋಗಿ ಮಿಷಿನ್ನಿನ ಹಲಗೆಯ ಕೆಳಗೆ ಅಂಗಾತ ಮಲಗಿ ಕೆಲಸ ಮಾಡುತ್ತಿದ್ದಾಗ. "ಇನ್ನು ಬರಲ್ಲ ಅಂತ ಹೇಳಿ ಕಳ್ಸಿದಾಳೆ. ವಕೀಲರು ಡೈವೋರ್ಸ್ ಪೇಪರ್ ರೆಡಿ ಮಾಡ್ತಾ ಇದಾರೆ." ದನಿಯಲ್ಲಿ ದುಃಖ ಇತ್ತೋ ಇಲ್ಲವೋ, ಕೆಳಗಿನಿಂದ ತಿಳಿಯಲಿಲ್ಲ.

ಹಲಗೆ ಮುಟ್ಟದೆ, ಅದರ ಅಡಿಯ ಪೆಟ್ಟಿಗೆಯಲ್ಲಿ, ಕೈ ಸುಲಭಕ್ಕೆ ಹೋಗದ ಮೂಲೆಯಲ್ಲಿ ಕಿಂಡಿ ಕೊರೆದೆ. ಎರಡು ಸಾಕೆಟ್ಟನ್ನು ಅಕ್ಕಪಕ್ಕ ಕೂರಿಸಿ, ಪೆಟ್ಟಿಗೆಗೆ ಹೊದಿಸಿದ್ದಂಥದ್ದೇ ಕಪ್ಪು ಮೈಕಾ ಹಾಳೆಯ ತುಂಡಿನಿಂದ ಮುಚ್ಚಳ ಮಾಡಿ, ಮ್ಯಾಗ್ನೆಟ್ಟಿನಲ್ಲಿ ನಿಲ್ಲಿಸಿದೆ. ಅವನು ಟಾರ್ಚ್ ಹಿಡಿದುಕೊಂಡು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ.

"ಬೆಳಕು ಸಾಕೆಟ್ ಮೇಲೆ ಬಿಡ್ರಿ, ನನ್ನ ಮುಖದ ಮೇಲಲ್ಲ."

"ಎರಡೂ ಒಂದೇ ಕಡೆ ಇದ್ರೆ ನಾನೇನ್ ಮಾಡ್ಲಿ?"

"ಟಾರ್ಚ್ ಆಫ್ ಮಾಡಿ. ನನಗೆ ಕತ್ತಲಲ್ಲೂ ಕೆಲಸ ಬರುತ್ತೆ."

ಅವನು ಆಫ್ ಮಾಡಲಿಲ್ಲ. ನಾನೂ ಇನ್ನೊಂದು ಸಲ ಹೇಳಲಿಲ್ಲ.

ಕೆಲಸ ಮುಗಿದಾಗ ಅಂಗಡಿಯ ಸ್ಟಿಕ್ಕರ್ ತೆಗೆದೆ. ನಾವು ಮುಟ್ಟಿದ ಯಾವ ಸಾಮಾನಿಗೂ ಹೆಸರು, ಫೋನ್ ನಂಬರಿನ ಸ್ಟಿಕ್ಕರ್ ಅಂಟಿಸದೆ ಬಿಡಬಾರದು ಎನ್ನುವುದು ಅಪ್ಪನ ಕಾಲದ ಕಟ್ಟುಪಾಡು. "ಅಯ್ಯೋ, ಸ್ಟಿಕ್ಕರ್ ಮಾತ್ರ ಬೇಡ," ಎಂದ. ಆಯಿತು ಎಂದೆ. ಅವನು ನೀರು ತರಲು ಒಳಗೆ ಹೋದಾಗ ಮುಚ್ಚಳದ ಒಳಮೈಗೆ ಅಂಟಿಸಿಬಿಟ್ಟೆ. ಅಷ್ಟು ಅಚ್ಚುಕಟ್ಟಾದ ಕೆಲಸಕ್ಕೆ ನನ್ನ ಹೆಸರೇ ಇಲ್ಲವೆಂದರೆ ಹೇಗೆ?

ಎರಡೂ ಸಾಕೆಟ್ ನಡೆಯುತ್ತವೆಯೋ ಇಲ್ಲವೋ ನೋಡಬೇಕಾದರೆ ಇಬ್ಬರು ಆಡಲೇಬೇಕು. ಕೂತೆವು. ಮೊದಲ ಆಟದಲ್ಲಿ ಅವನ ರೇಸ್ ಕಾರನ್ನು ಗುಂಡಿಗೆ ತಳ್ಳಿದೆ. "ಏನ್ರೀ ಇದು, ಮೋಸ!" ಎಂದು ಕೂಗಿದ. ಅಂದು ಸಂಜೆಯ ಬಸ್ಸಿನಲ್ಲಿ ಊರಿಗೆ ಬರುವಾಗ ನಾನು ಒಬ್ಬಳೇ ನಗುತ್ತಿದ್ದೆ.

ಆಮೇಲೆ ಭಾನುವಾರ ಮಧ್ಯಾಹ್ನಗಳೆಲ್ಲ ಅಲ್ಲೇ. ಜನ ಏನಾದರೂ ಅಂದಾರು ಎಂದು ಟೂಲ್ ಬ್ಯಾಗ್ ಹೊತ್ತುಕೊಂಡೇ ಹೋಗುತ್ತಿದ್ದೆ. ಅದರಲ್ಲಿ ಒಂದೊಂದು ಸಲ ಸ್ಕ್ರೂಡ್ರೈವರ್ ಬದಲು ಕೋಡುಬಳೆ ಇರುತ್ತಿತ್ತು. ಮೆಟ್ಟಿಲ ಬುಡದಲ್ಲಿ ಹೂ ಮಾರುವ ಚಿಕ್ಕನಿಂಗಮ್ಮನ ಕಣ್ಣು ತಪ್ಪಿಸುವುದು ಸಾಧ್ಯವೇ ಇರಲಿಲ್ಲ.

"ಯಾನವ್ವ, ಆ ಮಿಸಿನ್ನು ಇನ್ನೂವೆ ರಿಪೇರಿ ಆಗ್ನಿಲ್ವಾ?"

"ದೊಡ್ಡ ಕಾಯಿಲೆ ಅಜ್ಜಿ ಅದಕ್ಕೆ."

"ನಿನ್ ಮೊಕ ನೋಡುದ್ರೆ ಕಾಯ್ಲೆ ಅದ್ಕಲ್ಲ ಕಣವ್ವ," ಎಂದು ಒಂದು ಮೊಳ ಕಾಕಡ ಹೂ ಕೈಗೆ ತುರುಕುತ್ತಿದ್ದಳು. ನಾನು ಓಡಿ ಮೆಟ್ಟಿಲು ಹತ್ತುತ್ತಿದ್ದೆ.

ಹೇಗೆ ಹೇಳಲಿ ಆ ಮಧ್ಯಾಹ್ನಗಳನ್ನು? ಬೀದಿಯಲ್ಲಿ ಕಬ್ಬಿನ ಲಾರಿ ಹೋದರೆ ಕಿಟಕಿಯ ಗಾಜು ನಡುಗುತ್ತಿತ್ತು. ನಮ್ಮಿಬ್ಬರ ಕಂಟ್ರೋಲರಿನ ವೈರು ಒಂದಕ್ಕೊಂದು ಸುತ್ತಿಕೊಳ್ಳುತ್ತಿತ್ತು, ಬಿಡಿಸುವ ನೆಪದಲ್ಲಿ ಬೆರಳು ತಾಕುತ್ತಿತ್ತು. ನಾನು ಗೆದ್ದರೆ ಅವನು ಪರದೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ಒಂದು ದಿನ ಆಟದ ನಡುವೆಯೇ, "ಜ್ಯೋತಿ, ಪೇಪರ್ ಆಗಿದ್ ತಕ್ಷಣ ಮದುವೆ ಆಗೋಣ. ದೇವಸ್ಥಾನದಲ್ಲಿ, ಸಿಂಪಲ್ಲಾಗಿ," ಎಂದ.

ಊರಿಗೆಲ್ಲ ಎದುರುತ್ತರ ಕೊಡುವ ಜ್ಯೋತಿಲಕ್ಷ್ಮಿ ಅವತ್ತು "ಹೂಂ" ಎನ್ನುವಷ್ಟರಲ್ಲಿ ಸುಸ್ತಾಗಿದ್ದಳು. ವಾಪಸು ಬರುವಾಗ ಕೊಳ್ಳೇಗಾಲ ಬಂದದ್ದೂ ತಿಳಿಯಲಿಲ್ಲ. ಬಸ್ಸು ಹನೂರಿನ ಕಡೆ ತಿರುಗಿದ ಮೇಲೆ ಕಂಡಕ್ಟರ್ ಬೈದು ಇಳಿಸಿದ. ಬೈಸಿಕೊಂಡರೂ ಖುಷಿಯಾಗಿತ್ತು.

ಅದೊಂದು ಭಾನುವಾರ ಅವನ ಕಂಟ್ರೋಲರಿನ ಬಟನ್ನು ಕಚ್ಚಿಕೊಂಡಿತು. "ಬನ್ರೀ, ಇವತ್ತು ನಿಂತೇ ಆಡೋಣ," ಎಂದು ಎದ್ದು ಹಲಗೆಯ ಬಲಗಡೆಯ ಸ್ಟಿಕ್ಕಿಗೆ ಕೈ ಚಾಚಿದೆ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಪ್ರೀತಿಯಿಂದಲ್ಲ, ಗಟ್ಟಿಯಾಗಿ.

"ಅದು ಬೇಡ."

ಆಗ ಸರಿಯಾಗಿ ನೋಡಿದೆ. ಎಡಗಡೆಯ ಸ್ಟಿಕ್ಕು ಥಳಥಳ ಹೊಳೆಯುತ್ತಿತ್ತು. ಬಲಗಡೆಯದರ ಮೇಲೆ ಧೂಳು ಕೂತಿತ್ತು. ಅದರ ಬಟನ್ನುಗಳ ಸುತ್ತ ಯಾರೋ ಸಣ್ಣ ಸಣ್ಣ ಹೂವಿನ ಸ್ಟಿಕ್ಕರ್ ಅಂಟಿಸಿದ್ದರು.

"ಅದು ರಂಜನಿದು. ಧೂಳಲ್ಲಿ ಕೈಗುರುತು ಬಿದ್ರೆ ಬಂದಾಗ ಗೊತ್ತಾಗುತ್ತೆ."

"ಬರ್ತಾರಾ?"

"ಹಂಗಲ್ಲ... ಅಕಸ್ಮಾತ್ ಬಂದ್ರೆ ಅಂತ."

ನನಗೆ ಎಲ್ಲ ಅರ್ಥವಾಯಿತು. ಸ್ಕ್ರೂ ಕಾಣಬಾರದು, ತೂತು ಕಾಣಬಾರದು ಎಂದದ್ದನ್ನು ನಾನು ಅಂದಚೆಂದಕ್ಕೆ ಎಂದುಕೊಂಡಿದ್ದೆ. ಎಂಥ ನಾಜೂಕಿನ ಗಂಡಸು ಎಂದು ಮೆಚ್ಚಿಕೊಂಡೂ ಇದ್ದೆ! ಅವಳ ಕಣ್ಣಿಗೆ ಬೀಳದ ಹಾಗೆ, ನನ್ನ ಕೈಯಿಂದಲೇ ನನ್ನನ್ನು ಬಚ್ಚಿಡಿಸಿದ್ದ.

"ಹಾಗಾದ್ರೆ ನಾನು ಯಾರು?"

"ನೀನೇ ಎಲ್ಲ ಜ್ಯೋತಿ."

"ಎಲ್ಲ ಬೇಡ. ನಾನು ನಿಮಗೆ ಯಾರು ಅಂತ ಒಬ್ಬರ ಎದುರು ಬಾಯಿಬಿಟ್ಟು ಹೇಳಿ, ಸಾಕು. ಕೆಳಗೆ ಹೂ ಮಾರೋ ಅಜ್ಜಿಗಾದ್ರೂ ಹೇಳಿ."

"ಹೇಳ್ತೀನಿ. ಸ್ವಲ್ಪ ಟೈಮ್ ಕೊಡು."

ಕೊಟ್ಟೆ. ಬೇರೇನು ಮಾಡಲಿ? ಬಿಟ್ಟು ಬರುವಷ್ಟು ಕೋಪ ಇತ್ತು, ಬಿಟ್ಟು ಬರುವಷ್ಟು ಧೈರ್ಯ ಇರಲಿಲ್ಲ. ಅವನ ಬಾಯಲ್ಲಿ ಆ ಒಂದು ಮಾತು ಕೇಳಬೇಕೆಂದು ಜೀವ ಹಿಡಿದುಕೊಂಡು ಕಾದೆ. ಮುಂದಿನ ಭಾನುವಾರ "ಗೊಬ್ಬರದ ಲೋಡ್ ಬರುತ್ತೆ, ಬರಬೇಡ" ಎಂದು ಮೆಸೇಜು ಬಂತು. ಅದರ ಮುಂದಿನ ವಾರವೂ ಅದೇ ಲೋಡು.

ಆಮೇಲೆ ಅಂಗಡಿಗೆ ಒಂದು ಫೋನ್ ಬಂತು.

"ಯಳಂದೂರಿಂದ ಮಾತಾಡೋದು. ನಮ್ಮನೇಲಿ ಒಂದು ಗೇಮ್ ಮಿಷಿನ್ ಅದೆ. ಒರೆಸ್ತಾ ಇದ್ದೆ, ಅಡೀಲಿ ಒಂದು ಮುಚ್ಚಳ ಕೈಗೆ ಬಂತು. ನಿಮ್ಮ ಅಂಗಡಿ ಸ್ಟಿಕ್ಕರ್ ಅದೆ ಅದ್ರಲ್ಲಿ. ಒಂದ್ಸಲ ಬಂದು ನೋಡ್ತೀರಾ?"

ಹೆಂಗಸಿನ ದನಿ. ಹೆಸರು ಕೇಳುವ ಅಗತ್ಯ ಇರಲಿಲ್ಲ.

ಮೆಟ್ಟಿಲ ಬಳಿ ಚಿಕ್ಕನಿಂಗಮ್ಮ ಈ ಸಲ ತಮಾಷೆ ಮಾಡಲಿಲ್ಲ. "ಓಗ್ಬ್ಯಾಡ ಕಣವ್ವ. ಅವ್ಳು ಬಂದವ್ಳೆ."

"ಗೊತ್ತಜ್ಜಿ. ಅವರೇ ಕರೆದಿರೋದು."

ಶಿವರಂಜನಿಯನ್ನು ದ್ವೇಷಿಸಬೇಕೆಂದು ದಾರಿಯುದ್ದಕ್ಕೂ ಸಿದ್ಧತೆ ಮಾಡಿಕೊಂಡಿದ್ದೆ. ಅವಳು ಕುರ್ಚಿ ಎಳೆದು ಹಾಕಿ, ಬಿಸಿಲಲ್ಲಿ ಬಂದಿದೀರಿ ಎಂದು ಫ್ಯಾನ್ ಹಾಕಿ, ಕಾಫಿ ತಂದುಕೊಟ್ಟಳು. ದುಂಡು ಮುಖ, ನಿದ್ದೆಗೆಟ್ಟ ಕಣ್ಣು. ಸ್ವಾಮಿ ಕಿಟಕಿಯ ಬಳಿ ನಿಂತಿದ್ದ.

"ಇದ್ನ ಹಾಕಿದ್ದು ನೀವೇ ಅಲ್ವಾ?" ಎಂದಳು.

"ಹೌದು."

"ಬೆನ್ನು ನೋವು, ಕೂತು ಆಡೋಕೆ ಹಾಕಿಸ್ದೆ ಅಂತಾರೆ. ಒಬ್ರು ಕೂತು ಆಡೋಕೆ ಎರಡು ಯಾಕೆ?"

ನಾನು ಬಾಯಿ ತೆರೆಯುವ ಮೊದಲೇ ಅವನು ಮುಂದೆ ಬಂದ. "ಒಂದು ಕೆಟ್ರೆ ಇನ್ನೊಂದು ಇರ್ಲಿ ಅಂತ ಇವರೇ ಹಾಕಿದ್ರು. ಅಲ್ವಾ ಮೇಡಂ?"

ಮೇಡಂ! ನನ್ನ ಟಿಫನ್ ಡಬ್ಬಿಯಲ್ಲಿ ಕೈ ಹಾಕಿ ತಿಂದವನು, ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದವನು. ಅವನ ಕಣ್ಣು ನನ್ನನ್ನು ಬೇಡಿಕೊಳ್ಳುತ್ತಿತ್ತು. ಹೂಂ ಎಂದರೆ ಮುಗಿಯುತ್ತಿತ್ತು. ಕಾಫಿ ಕುಡಿದು, ಬ್ಯಾಗ್ ಎತ್ತಿಕೊಂಡು, ಎಂದೂ ಆ ಮನೆಗೆ ಬಾರದವಳ ಹಾಗೆ ಇಳಿದು ಹೋಗಬಹುದಿತ್ತು.

"ಅಲ್ಲ," ಎಂದೆ. "ಒಂದು ಇವರಿಗೆ, ಇನ್ನೊಂದು ನನಗೆ. ಭಾನುವಾರ ಬಂದ್ರೆ ಇಲ್ಲೇ ಕೂತು ಆಡ್ತಿದ್ದೆ. ನೀವು ಬರಲ್ಲ, ಪೇಪರ್ ರೆಡಿ ಆಗ್ತಿದೆ, ಮದುವೆ ಆಗೋಣ ಅಂದಿದ್ರು. ನಾನು ನಂಬಿದ್ದೆ. ನನಗೆ ಇವರ ಮೇಲೆ ತುಂಬಾ ಪ್ರೀತಿ."

ಆ ಮಾತನ್ನು ಅವನಿಗೂ ಅಷ್ಟು ನೇರವಾಗಿ ಹೇಳಿರಲಿಲ್ಲ ನಾನು. ಹೇಳಿದ್ದು ಅವನ ಹೆಂಡತಿಗೆ.

ಶಿವರಂಜನಿ ಕೂಗಾಡಲಿಲ್ಲ. ಗಂಡನ ಕಡೆ ತಿರುಗಿದಳು.

"ಪೇಪರ್ ಅಂತೆ. ಯಾವ ಪೇಪರ್ರೀ? ವಾರಕ್ಕೊಂದ್ಸಲ ಫೋನ್ ಮಾಡಿ ಬಾ ಬಾ ಅಂತಿದ್ದೋರು ನೀವೇ ಅಲ್ವಾ?" ಅವಳ ದನಿ ಇಳಿಯಿತು. "ಹೋಗ್ಲಿ, ಒಂದೇ ಮಾತು ಹೇಳಿ. ನಿಮಗೂ ಇವರ ಮೇಲೆ ಪ್ರೀತಿ ಇತ್ತಾ?"

ನಾನು ಕಾದಿದ್ದ ಗಳಿಗೆ ಅದೇ. ಎದುರಿಗೆ ಒಬ್ಬರಿದ್ದರು, ಕೇಳಿಯೂ ಕೇಳಿದ್ದರು. ಅವನು ಬಾಯಿ ಬಿಟ್ಟರೆ ಸಾಕಿತ್ತು. ಆಮೇಲೆ ಅವಳ ಜೊತೆಯೇ ಬಾಳಲಿ, ನನಗೇನೂ ಬೇಡವಾಗಿತ್ತು.

"ಇಲ್ಲ," ಎಂದ.

ಬ್ಯಾಗ್ ಎತ್ತಿಕೊಂಡೆ. "ಇದನ್ನ ತೆಗೆದು ಮುಚ್ಚಿಕೊಡ್ತೀರಾ?" ಎಂದು ಶಿವರಂಜನಿ ಮೆಲ್ಲಗೆ ಕೇಳಿದಳು. "ನನ್ನ ಕೈಲಿ ಆಗಲ್ಲ ಅಕ್ಕ, ಬೇರೆಯವರನ್ನ ಕರೀರಿ," ಎಂದೆ. ಅಕ್ಕ ಎಂದು ಹೇಗೆ ಬಾಯಿಗೆ ಬಂತೋ. ಬಾಗಿಲ ತನಕ ಬಂದವಳು ಅವಳೇ. ಅವನು ಬರಲಿಲ್ಲ.

ಇದಾಗಿ ವರ್ಷವಾಯಿತು. ಅವರಿಬ್ಬರೂ ಒಟ್ಟಿಗಿದ್ದಾರಂತೆ. ನಾನು ಯಳಂದೂರಿನ ಕೆಲಸ ಒಪ್ಪಿಕೊಳ್ಳುವುದಿಲ್ಲ. ಕೈಯಲ್ಲಿ ಕೆಲಸ ಇಲ್ಲದಾಗ ಮಾತ್ರ ಆ "ಇಲ್ಲ" ಕಿವಿಯಲ್ಲಿ ಕೇಳುತ್ತದೆ. ಅದು ಸುಳ್ಳಾಗಿದ್ದರೆ ಅವನು ಹೇಡಿ. ನಿಜವಾಗಿದ್ದರೆ ಅಷ್ಟು ಭಾನುವಾರಗಳೂ ನಾನೊಬ್ಬಳೇ ಆಡಿದ ಹಾಗೆ. ದೇವರೇ, ಅವನು ಹೇಡಿಯೇ ಆಗಿರಲಿ ಎಂದು ಇವತ್ತಿಗೂ ಬೇಡಿಕೊಳ್ಳುತ್ತೇನೆ.