ವಳಕಮದಿನ್ನಿಯ ಅಶೋಕನ ಕಲ್ಲು

ಹೊದಿಸಿದ್ದ ತಾಡಪತ್ರಿ ಇದ್ದಲ್ಲೇ ಇತ್ತು. ಅದರ ಕೆಳಗಿನ ಕಲ್ಲು ಇರಲಿಲ್ಲ.

ಆದೆಪ್ಪನವರು ತಾಡಪತ್ರಿಯನ್ನು ಇನ್ನೊಮ್ಮೆ ಎತ್ತಿ ನೋಡಿದರು. ಕಲ್ಲು ಈಗಲಾದರೂ ಬಂದಿರಬಹುದೇನೋ ಎಂಬಂತೆ.

"ನಿನ್ನೆ ಸಂಜಿಗೆ ಹೂ ಏರಿಸಿ ಹೋದವ ನಾನಾ ರೀ ಮೇಡಂ. ಮುಂಜಾನೆ ಬಂದ್ರ ಬೀಗ ಒಡದೈತಿ, ಕಲ್ಲಿಲ್ಲ. ಇವತ್ತ ಮಧ್ಯಾಹ್ನ ಅದನ್ನ ನೋಡಾಕ ದೊಡ್ಡ ದೊಡ್ಡ ತಜ್ಞರು ಬರಾಕತ್ತಾರ. ಏನಂತ ಹೇಳ್ಲಿ?"

ಸಿಂಧನೂರಿನ ಸಬ್ ಇನ್‌ಸ್ಪೆಕ್ಟರ್ ಶಿವಗಂಗಾ ಒಡೆದ ಬೀಗವನ್ನು ತಿರುಗಿಸಿ ನೋಡಿದಳು. ಜೇಬಿನಲ್ಲಿ ಮೊಬೈಲು ಮತ್ತೆ ಗುಂಯ್‌ಗುಟ್ಟಿತು. ಮೇಲಿನವರದೇ ಇರಬೇಕು. ಅವಳು ತೆಗೆದು ನೋಡಲಿಲ್ಲ. ಗೊಬ್ಬರದ ಚೀಲ ಇಡುವ ಆ ಶೆಡ್ಡಿನಲ್ಲಿ ಹಿಂಬಾಗಿಲೊಂದು ಕಾಲುವೆಯ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಯಾರೂ ಅದನ್ನು ಮುಚ್ಚುವ ಗೋಜಿಗೆ ಹೋಗಿರಲಿಲ್ಲ. ಎಲ್ಲರ ಕಣ್ಣೂ ಮುಂಬಾಗಿಲ ಎದುರಿನ ಕೆಸರಿನ ಮೇಲೆ. ಅಲ್ಲಿ ಟ್ರ್ಯಾಕ್ಟರ್ ಗಾಲಿಯ ಹಸಿ ಗುರುತು.

ಕಳೆದ ತಿಂಗಳು ಆದೆಪ್ಪನವರ ಭತ್ತದ ಗದ್ದೆ ಮಟ್ಟ ಮಾಡುವಾಗ ಸಿಕ್ಕಿದ ಕಲ್ಲು ಅದು. ಮೈತುಂಬ ಹಳೆಯ ಲಿಪಿ. ಸಿಂಧನೂರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಸಿದ್ದಲಿಂಗೇಶ ಬಂದು, ಓದಿ, ಇದು ಅಶೋಕ ಚಕ್ರವರ್ತಿಯ ಶಾಸನ ಎಂದಾಗ ಸುತ್ತಲಿನ ಊರುಗಳೆಲ್ಲ ವಳಕಮದಿನ್ನಿಗೆ ಹರಿದು ಬಂದಿದ್ದವು.

ಈಗ ಅದೇ ಸಿದ್ದಲಿಂಗೇಶ ಗೋಡೆಗೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ದೇವರಿಗೆ ಪ್ರಿಯನಾದವ ಅಂತ ಕಲ್ಲಿನ್ಯಾಗ ಬರಸ್ಕೊಂಡ ರಾಜ ಯಾರು? ಪ್ರಪಂಚದ ಪಂಡಿತರು ಎಷ್ಟೋ ವರ್ಷ ತಲಿ ಕೆಡಿಸ್ಕೊಂಡಿದ್ರು ಮೇಡಂ. ಬಂಗಾರ ಹುಡುಕಾಕ ಬಂದ ಒಬ್ಬ ಎಂಜಿನಿಯರ್‌ಗೆ ನಮ್ಮ ಮಸ್ಕಿ ಗುಡ್ಡದಾಗ ಬಂಡೆ ಸಿಕ್ತು. ಅದರಾಗ ಅಶೋಕ ಅಂತ ಹೆಸರಾ ಇತ್ತು! ಅಂಥಾ ಶಾಸನ ದೇಶದಾಗ ಬೆರಳೆಣಿಕಿಯಷ್ಟು. ಈ ಕಲ್ಲಿನ್ಯಾಗೂ ಆ ಹೆಸರು ಇತ್ತು…"

"ಯಾರ ಮ್ಯಾಲರ ಸಂಶಯ ಐತೇನ್ರಿ ಸರ್?"

ಅವರು ಕೆಸರಿನ ಗುರುತಿನ ಕಡೆ ನೋಡಿದರು. "ನಾ ಯಾರ ಹೆಸರೂ ಹೇಳಂಗಿಲ್ರಿ."

ಹೆಸರು ಹೇಳಿದವರು ಆದೆಪ್ಪ. "ನಮ್ಮ ಡ್ರೈವರ್ ವಿರೇಶ. ಕಲ್ಲು ಸಿಕ್ಕಾಗ ಗಾಡಿ ಮ್ಯಾಲ ಇದ್ದವ ಅವನಾ. ಇದಕ್ಕ ಬೆಲಿ ಬಾಳ ಐತೇನ್ರಿ ಅಂತ ಕೇಳಿದ್ದ. ಟ್ರ್ಯಾಕ್ಟರ್ ಇಲ್ದ ಅಂಥಾ ಕಲ್ಲು ಯಾರು ಒಯ್ಯತಾರ್ರಿ?"

ಠಾಣೆಯಲ್ಲಿ ವಿರೇಶ ತಲೆ ತಗ್ಗಿಸಿ ಕುಳಿತಿದ್ದ.

"ನಸುಕಿನ್ಯಾಗ ಶೆಡ್ಡಿನ ಹತ್ರ ಹೋಗಿದ್ದೇನು?"

"ಹೋಗಿದ್ನಿ ರೀ. ಬಾಜೂಕಿನ ಆರ್.ಎಚ್. ಕ್ಯಾಂಪ್ ಊರಾಗ ಗದ್ದಿ ಹೊಡಿಯೂದಿತ್ತು. ಶೆಡ್ಡಿನ ಮುಂದ ನಿಂತಿದ್ದ ಗಾಡಿ ತಗೊಂಡು ಹೋದ್ನಿ."

"ಅಲ್ಲಿ ಯಾರನ್ನರ ನೋಡಿದ್ಯಾ?"

ವಿರೇಶ ತನ್ನ ಕೈಗಳನ್ನೇ ನೋಡಿಕೊಂಡ. ಒಂದು ಬೆರಳನ್ನು ಇನ್ನೊಂದರಿಂದ ಹಿಂಡಿದ.

"ಇಲ್ರಿ."

ಆ 'ಇಲ್ಲ' ತಡವಾಗಿ ಬಂದಿತ್ತು. ಪೇದೆ ರಾಜೇಸಾಬ್ ಹತ್ತಿರ ಬಾಗಿ, "ಬಾಯಿ ಬಿಡಸೂಣೇನ್ರಿ ಮೇಡಂ?" ಎಂದ.

"ಬ್ಯಾಡ. ಕೈ ಮುಟ್ಟಬ್ಯಾಡ್ರಿ ಅವನ್ನ."

ಹೊರಗೆ ಬೇವಿನ ಗಿಡದ ಬುಡದಲ್ಲಿ ವಿರೇಶನ ಹೆಂಡತಿ ಅಮರೇಶ್ವರಿ ಕುಳಿತಿದ್ದಳು. ತುಂಬು ಬಸುರಿ. ಶಿವಗಂಗಾಳನ್ನು ಕಂಡು ಗೋಡೆ ಹಿಡಿದು ಎದ್ದಳು.

"ಅಂವ ಕದ್ದಿಲ್ರಿ ಅಕ್ಕಾರ. ಆದ್ರ ಏನೋ ಮುಚ್ಚಿಡಾಕತ್ತಾನ. ನನಗೂ ಹೇಳವಲ್ಲ. ಊರಾಗ ಈಗಾಗ್ಲೇ ಕಳ್ಳನ ಹೇಣ್ತಿ ಅಂತ ಕರಿಯಾಕತ್ತಾರ. ನಾಳೆ ಹುಟ್ಟೂ ಕೂಸಿಗೂ ಅದಾ ಹೆಸರು ಬರ್ತೈತಿ."

ಶಿವಗಂಗಾಳಿಗೆ ಕೂರಲಾಗಲಿಲ್ಲ, ನಿಲ್ಲಲೂ ಆಗಲಿಲ್ಲ. ವಿರೇಶನ ಟ್ರ್ಯಾಕ್ಟರನ್ನು ಕ್ಯಾಂಪಿನಲ್ಲಿ ಜಾಲಾಡಿದ್ದಾಗಿತ್ತು. ಮನೆ ಹುಡುಕಿದ್ದಾಗಿತ್ತು. ಏನೂ ಇಲ್ಲ. ಆದೆಪ್ಪನವರು ಕಳಿಸಿದ್ದ ಕಲ್ಲಿನ ಫೋಟೊವನ್ನು ಮೊಬೈಲಿನಲ್ಲಿ ಹಿಗ್ಗಿಸಿ, ಕುಗ್ಗಿಸಿ, ಮತ್ತೆ ಹಿಗ್ಗಿಸಿ ನೋಡಿದಳು. ನಡುವಿನ ಸಾಲೊಂದರಲ್ಲಿ ಅಂಗೈಯಗಲ ಜಾಗ ಖಾಲಿ ಇತ್ತು. ಯಾಕೆ? ಸಿದ್ದಲಿಂಗೇಶರಿಗೆ ಫೋನ್ ಮಾಡಿದಳು.

"ಅಲ್ಲಿ ಅಕ್ಷರ ಸವದು ಹೋಗ್ಯಾವ ಮೇಡಂ. ಎರಡು ಸಾವಿರ ವರ್ಷ ದಾಟಿದ ಕಲ್ಲದು."

ಫೋನ್ ಇಟ್ಟವಳು ಮತ್ತೆ ಫೋಟೊ ನೋಡಿದಳು. ಒಮ್ಮೆಲೇ ಎದ್ದಳು. "ರಾಜೇಸಾಬ್, ಗಾಡಿ ತಗೀರಿ. ಮಸ್ಕಿಗೆ ನಡೀರಿ."

"ಕಲ್ಲು ಹೋಗಿದ್ದು ವಳಕಮದಿನ್ನ್ಯಾಗ್ರಿ!"

"ನಡೀರಿ ಅಂದ್ನಿ."

ಮಸ್ಕಿ ಗುಡ್ಡದಲ್ಲಿ ಬಿಸಿಲು ಬಂಡೆಗಳಿಂದಲೇ ಹುಟ್ಟುವಂತಿತ್ತು. ಕಬ್ಬಿಣದ ಜಾಲರಿಯ ಹಿಂದಿನ ಶಾಸನದ ಮುಂದೆ ಅವಳು ಮೊಬೈಲು ಎತ್ತಿ ಹಿಡಿದಳು. ಆ ಲಿಪಿ ಓದಲು ಅವಳಿಗೆ ಬರುತ್ತಿರಲಿಲ್ಲ. ಆಕಾರ ಹೊಂದಿಸಿ ನೋಡಲು ಬರುತ್ತಿತ್ತು. ಒಂದೊಂದೇ ಅಕ್ಷರಕ್ಕೆ ಬೆರಳು ಜಾರಿಸುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು.

ಅಲ್ಲಿಂದಲೇ ನೀರಾವರಿಯವರಿಗೆ ಫೋನ್ ಮಾಡಿದಳು. "ವಳಕಮದಿನ್ನಿ ಕಾಲುವಿಗೆ ಸ್ವಲ್ಪ ಹೊತ್ತು ನೀರು ಕಡಿಮಿ ಮಾಡ್ರಿ. ಹೌದ್ರಿ, ಈಗಿಂದೀಗ."

ಅವಳು ಮರಳುವ ಹೊತ್ತಿಗೆ ಕಾಲುವೆ ದಂಡೆಯಲ್ಲಿ ಊರೇ ನೆರೆದಿತ್ತು. ತಜ್ಞರ ಕಾರೂ ಬಂದು ನಿಂತಿತ್ತು. ವಿರೇಶನನ್ನು ಜೀಪಿನಲ್ಲಿ ಕರೆಸಿದ್ದಳು. ಅಮರೇಶ್ವರಿ ಜೀಪಿನ ಸರಳು ಬಿಟ್ಟಿರಲಿಲ್ಲ. ನಾಲ್ಕಾರು ಜನ ಹಗ್ಗ ಎಳೆದರು. ಶೆಡ್ಡಿನ ಹಿಂಬಾಗಿಲಿಗೆ ನೇರವಾಗಿ, ಕಾಲುವೆಯ ಕೆಸರಿನಿಂದ, ಕಲ್ಲು ಮೇಲೆ ಬಂತು.

"ಅಯ್ಯೋ, ಇಲ್ಲೇ ಐತಿ!" ಆದೆಪ್ಪ ಕೈಮುಗಿದರು. "ಕದ್ದವ ಇಲ್ಲಿ ಯಾಕ ಒಗದಾನ್ರಿ?"

"ಅದನ್ನಾ ನಾವು ಕೇಳ್ಲಿಲ್ಲ," ಎಂದಳು ಶಿವಗಂಗಾ. "ಒಯ್ಯೂದಿದ್ರ ಟ್ರ್ಯಾಕ್ಟರ್ ಬೇಕು. ಹಿಂಬಾಗಿಲದಿಂದ ಕಾಲುವಿಗೆ ಉರುಳಸೂದಿದ್ರ ಒಬ್ಬ ಮನಷ್ಯಾ, ಒಂದು ಹಾರಿ ಸಾಕು. ಮುಂದಿನ ಬೀಗ ಒಡದದ್ದು ಕಳ್ಳತನ ಅಂತ ನಾವು ನಂಬ್ಲಿ ಅಂತ. ಕದ್ದವಗ ಕಲ್ಲು ಬೇಕಿದ್ದಿಲ್ರಿ. ತಜ್ಞರು ಬರೂದರಾಗ ಅದು ಇಲ್ಲದಂಗ ಆಗಬೇಕಿತ್ತು, ಅಷ್ಟಾ."

"ಯಾಕ?"

ಅವಳು ಕಲ್ಲಿನ ಕೆಸರು ತೊಳೆಸಿದಳು. ಖಾಲಿ ಜಾಗದ ಮೇಲೆ ಕೈಯಿಟ್ಟಳು.

"ಮುಟ್ಟಿ ನೋಡ್ರಿ ಆದೆಪ್ಪಾರ. ಹೆಂಗೈತಿ?"

"ನುಣ್ಣಗೈತ್ರಿ."

"ಸವದ ಜಾಗ ತಗ್ಗಿರಬೇಕು. ಕಿತ್ತು ಹೋದ ಜಾಗ ಒರಟಿರಬೇಕು. ಇಲ್ಲಿ ಎರಡೂ ಇಲ್ಲ. ಇಲ್ಲಿ ಉಳಿ ಬಿದ್ದಾ ಇಲ್ಲ. ಇಷ್ಟು ಚಂದದ ಜಾಗ ಇಟ್ಟುಕೊಂಡು ಕೆತ್ತಾವ ಯಾಕ ಬಿಟ್ಟ? ಮಸ್ಕಿ ಬಂಡೆ ನೋಡಿದ್ನಿ. ಅಲ್ಲಿ ಇದಾ ಸಾಲಿನ್ಯಾಗ, ಇದಾ ಎರಡು ಅಕ್ಷರದ ನಡುವ, ಕಲ್ಲಿನ ಚಕ್ಕಿ ಎದ್ದು ಹೋಗೈತಿ. ಆ ಬಂಡೆ ಒಡದ ಮ್ಯಾಲ ಅದನ್ನ ನೋಡಿ ನಕಲು ಮಾಡಿದವಗ ಅಲ್ಲಿ ಏನು ಬರೀಬೇಕಂತ ಗೊತ್ತಾಗಲಿಲ್ಲ. ಬಿಟ್ಟ. ಅಶೋಕನ ಕಾಲದವ ಬಿಡ್ತಿದ್ದಿಲ್ಲ."

ತಜ್ಞರಲ್ಲಿ ಹಿರಿಯರಾದ ಸುರೇಖಾ ಮೊಣಕಾಲೂರಿ ಕಲ್ಲನ್ನು ಬಹಳ ಹೊತ್ತು ನೋಡಿದರು. ನಂತರ ಮೆಲ್ಲಗೆ ತಲೆಯಾಡಿಸಿದರು. "ಇದು ಹೊಸ ಕೆತ್ತನೆ."

"ಗದ್ದಿ ಮಟ್ಟ ಮಾಡ್ತಾರಂತ ತಿಳಕೊಂಡು ಮೊದಲಾ ಹೂತಿಟ್ರಿ," ಎಂದಳು ಶಿವಗಂಗಾ. "ಸಿಕ್ಕ ಮ್ಯಾಲ ಓದಾಕ ನೀವಾ ಬಂದ್ರಿ. ಈ ಖಾಲಿ ಜಾಗ ಸವದದ್ದು ಅಂತ ಫೋನಿನ್ಯಾಗ ನನಗ ಸುಳ್ಳು ಹೇಳಿದವರೂ ನೀವಾ. ಇಷ್ಟು ದೊಡ್ಡ ತಜ್ಞರು ಬರ್ತಾರಂತ ನೀವು ಅನಕೊಂಡಿದ್ದಿಲ್ಲ. ಹೌದಲ್ರಿ, ಸಿದ್ದಲಿಂಗೇಶ ಸರ್?"

ಜನ ತಿರುಗಿದರು. ಗುಂಪಿನ ಅಂಚಿನಲ್ಲಿ ನಿಂತಿದ್ದ ಸಿದ್ದಲಿಂಗೇಶ ಕಲ್ಲಿನ ಮೇಲಿನ ಕಣ್ಣು ಕೀಳಲಿಲ್ಲ.

"ಈ ಗುಡ್ಡ, ಈ ದಿನ್ನಿ ಒಂದೂ ಬಿಡದ ತಿರಗೀನಿ," ಎಂದರು, ಯಾರಿಗೆಂದು ತಿಳಿಯದಂತೆ. "ಅಲ್ಲೆಲ್ಲೋ ಇಂಥಾದ್ದೊಂದು ಇದ್ದಾ ಐತಿ. ನನಗ ಸಿಗಲಿಲ್ಲ… ಸಿಕ್ಕಂಗಾದ್ರ ಹೆಂಗಿರ್ತಿತ್ತು ಅಂತ…"

"ಅದಕ್ಕ ಈ ವಿರೇಶನ್ನ ಒಳಗ ಕಳಸೂದಿತ್ತೇನ್ರಿ?"

ಶಿವಗಂಗಾ ಜೀಪಿನ ಬಾಗಿಲು ತೆಗೆದಳು.

"ಇಳಿ ವಿರೇಶ. ನಸುಕಿನ್ಯಾಗ ಇವರನ್ನ ನೋಡಿದ್ದಿ ನೀ."

"ನೋಡಿದ್ನಿ ರೀ." ವಿರೇಶ ಇಳಿದು ಅಮರೇಶ್ವರಿಯ ಪಕ್ಕ ನಿಂತ. "ಹಾರಿ ಹಿಡಕೊಂಡು ದಂಡಿ ಮ್ಯಾಲ ನಿಂತಿದ್ರು. ನಾ ಕಾಲೇಜು ಅರ್ಧಕ್ಕ ಬಿಟ್ಟಾಗ ಮನೀತನಕ ಬಂದು ಅತ್ತವರು ಇವರೊಬ್ಬರಾ. ಅವರ ಮ್ಯಾಲ ನಾ ಹೆಂಗ ಹೇಳ್ಲಿ?"

ರಾಜೇಸಾಬ್ ಸಿದ್ದಲಿಂಗೇಶರ ತೋಳು ಹಿಡಿದ. ಜೀಪಿನತ್ತ ನಡೆಯುತ್ತ ಅವರು ವಿರೇಶನ ಎದುರಿಗೆ ಬಂದರು. ದಾಟಿ ಹೋಗಲು ನೋಡಿದರು, ಆಗಲಿಲ್ಲ.

"ನೀವಾ ಬಂದು ಹೇಳ್ತೀರಿ ಅಂತ ಕಾದ್ನಿ ಸರ್," ಎಂದ ವಿರೇಶ. "ಜೀಪಿನ ಸಪ್ಪಳ ಕೇಳಿದಾಗೆಲ್ಲ, ಸರ್ ಬಂದ್ರು ಅನಕೊಂಡ್ನಿ."

ಅಮರೇಶ್ವರಿ ಗಂಡನ ಕೈ ಹಿಡಿದು ಜನರ ನಡುವಿನಿಂದ ಎಳೆದುಕೊಂಡು ನಡೆದಳು. ಅವರಿಗೆ ಎಲ್ಲರೂ ದಾರಿ ಬಿಟ್ಟರು.