ನೇಮವ್ವನ ಇಪ್ಪತ್ತು ದಿನ

ರಾಜ್ಯದ ಹೆಸರು ಸೋನೆಗಿರಿ. ಕಾಲ, ಮೃಗಗಳು ಮಾತಾಡುತ್ತಿದ್ದ ಕಾಲ. ಮಾಂತ್ರಿಕನ ಹೆಸರು ಧೂಮಕ. ಅರಮನೆಯ ಅಂಗಳದಲ್ಲಿ ಅವನು ಕಲ್ಲಾಗಿಸಿದವರು ಏಳುನೂರು ಮಂದಿ. ಅವರಲ್ಲೊಬ್ಬ, ಎರಕದ ನೇಮವ್ವನ ತಮ್ಮ ಚೆನ್ನಿಗ. ಧೂಮಕನ ಷರತ್ತು ಒಂದೇ: ಅದೇ ಅಂಗಳದಲ್ಲಿ ಹೊಸ ಗೋಪುರ ಏಳಬೇಕು, ಇಪ್ಪತ್ತನೆಯ ದಿನ ಅದರಲ್ಲಿ ಹೊಸ ಗಂಟೆ ಮೊಳಗಬೇಕು. ತಪ್ಪಿದರೆ ಅವರು ಎಂದೆಂದಿಗೂ ಕಲ್ಲು. ಇದ್ದ ಕೆಲಸಗಾರರು ನಲವತ್ತು.

ಮಂತ್ರಿ ಗುಣಪಾಲ ರಾಜನ ಮುಂದೆ ಬೆರಳು ಮಡಿಸಿದ. "ಗಂಟೆಯ ಅಚ್ಚಿಗೆ ನಾಲ್ಕು ದಿನ, ಅದು ಒಣಗಲು ಎಂಟು. ಎರಕಕ್ಕೆ ಒಂದು, ಆರಲು ಮೂರು. ಗೋಪುರ ಕಟ್ಟಲು ಎಂಟು, ಗಾರೆ ಬಿಗಿಯಲು ಏಳು, ಗಂಟೆ ತೂಗುಹಾಕಲು ಒಂದು. ಮೂವತ್ತೆರಡು! ಆಗದ ಮಾತು, ಪ್ರಭು."

"ಕೂಡಲು ಬರುತ್ತದೆ ನಿಮಗೆ, ಸ್ವಾಮಿ. ಅಷ್ಟೇ ಬರುತ್ತದೆ," ಎಂದಳು ನೇಮವ್ವ. "ಅಚ್ಚು ಒಣಗುವ ಎಂಟು ದಿನ ನಲವತ್ತು ಜನ ಅದರ ಮುಖ ನೋಡುತ್ತ ಕೂರಬೇಕೇ? ಆಗ ಗೋಪುರ ಕಟ್ಟುತ್ತಾರೆ. ಗಾರೆ ಬಿಗಿಯುವಾಗ ನಾನು ಎರಕ ಹೊಯ್ಯುತ್ತೇನೆ. ಇಪ್ಪತ್ತನೆಯ ದಿನ ಗಂಟೆ ಏರುತ್ತದೆ. ಆದರೆ ಕಾಯುವ ದಿನಗಳಲ್ಲಿ ಒಂದನ್ನೂ ಯಾರೂ ಮೊಟಕುಗೊಳಿಸಕೂಡದು."

ರಾಜ ಒಪ್ಪಿದ.

ಆರನೆಯ ದಿನ ಧೂಮಕನ ಬೆಂಕಿಯ ಹುಲಿ ಬಂದಿತು. "ಅಕ್ಕಾ, ಒಂದೇ ಉಸಿರಿಗೆ ಅಚ್ಚು ಒಣಗಿಸಿಕೊಡಲೇ?"

"ಮೇಲೆ ಒಣಗೀತು, ಒಳಗೆ ಬಿರಿದೀತು. ನಡೆ."

ಹುಲಿ ಹೋಯಿತು.

ಹದಿನಾಲ್ಕನೆಯ ದಿನ ಧೂಮಕನ ಹಿಮದ ಹಾವು ಬಂದಿತು. "ಅಕ್ಕಾ, ಗಂಟೆಯನ್ನು ಸುತ್ತಿಕೊಂಡು ಈಗಲೇ ತಣಿಸಲೇ?"

"ಬಿಸಿ ಕಂಚು ಸೀಳುತ್ತದೆ. ಸೀಳದಿದ್ದರೂ ಗೋಪುರ ಸಿದ್ಧವಿಲ್ಲ. ಬೇಗ ತಣಿದು ಗಂಟೆ ಏನು ಮಾಡಬೇಕು, ನಿನ್ನೊಡನೆ ಹರಟೆಯೇ?"

ಹಾವೂ ಹೋಯಿತು.

ಹದಿನೇಳನೆಯ ದಿನ ಮಂತ್ರಿ ಬಂದ. "ಗಂಟೆ ಸಿದ್ಧ, ಗೋಪುರ ನಿಂತಿದೆ. ಇನ್ನೇಕೆ ತಡ? ಒಡಹುಟ್ಟಿದವನ ಮೇಲೂ ಮರುಕವಿಲ್ಲವೇ?"

ನೇಮವ್ವನ ಕೈ ಗಂಟೆ ಏರಿಸುವ ಹಗ್ಗದತ್ತ ಚಾಚಿತು. ಹಿಂದೆಗೆದಳು.

"ಹಸಿ ಗಾರೆ ಗಂಟೆಯನ್ನು ಹೊರದು. ಗೋಪುರ ಆ ಏಳುನೂರು ಮಂದಿಯ ಮೇಲೇ ಉರುಳುತ್ತದೆ. ಇನ್ನೂ ಮೂರು ದಿನ ಬೇಕು. ಅದೂ ಕೆಲಸವೇ, ಸ್ವಾಮಿ. ನಿಮಗೆ ಕಾಣದ ಕೆಲಸ."

ಈ ಮೂರನೆಯವನನ್ನು ಧೂಮಕ ಕಳುಹಿಸಿರಲಿಲ್ಲ.

ಇಪ್ಪತ್ತನೆಯ ದಿನ ಗಂಟೆ ಏರಿತು, ಮೊಳಗಿತು. ಧೂಮಕ ಹೊಗೆಯಾಗಿ ಚದುರಿದ. ಏಳುನೂರು ಮಂದಿ ಮೈಕೊಡವಿ ನಿಂತರು.

"ಎಷ್ಟು ಹೊತ್ತು ಮಾಡಿದೆಯಕ್ಕಾ!" ಎಂದ ಚೆನ್ನಿಗ.

"ಬೇಕಾದಷ್ಟೇ," ಎಂದಳು ನೇಮವ್ವ, ತಲೆಯೆತ್ತಿ.

ಅಂದಿನಿಂದ ಸೋನೆಗಿರಿಯಲ್ಲಿ ಗಡುವು ಇಡುವವರು ಮೊದಲು ಕೆಲಸಗಾರರನ್ನು ಕೇಳಿದರು. ಎಲ್ಲರೂ ಸುಖವಾಗಿ ಬಾಳಿದರು. ಓದಿದವರು ಈ ಕತೆಯನ್ನು ದಾಟಿಸಿ. ಎಲ್ಲರಿಗಿಂತ ಮೊದಲು, ಎಲ್ಲವೂ ನಾಳೆಗೇ ಮುಗಿಯಲೆಂದು ಆಜ್ಞೆ ಮಾಡುವವರಿಗೆ.